ಹತ್ತೊಂಬತ್ತನೆಯ ಸ್ಥಾನದ ಓಟಗಾರ

(ಆಕಾಶವಾಣಿ ಭಾಷಣ)

ಓಟದ ಪಂದ್ಯಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಮೊದಲ ಮೂವರ ಹೆಸರನ್ನು ಬರೆದು ಲೇಖನಿಯನ್ನು ಕೆಳಗಿಡುತ್ತಾರೆ. ನಾಲ್ಕನೆಯವನಿಗೆ ಒಂದು ಅನುಕಂಪದ ವಾಕ್ಯ ದೊರೆತರೆ ಅದೇ ಹೆಚ್ಚು. ಇಂದು ನಾನು ಶ್ರೋತೃಗಳ ಮುಂದೆ ಇಡಬಯಸುವುದು ಹತ್ತೊಂಬತ್ತನೆಯ ಹೆಸರನ್ನು. 1920ನೆಯ ಇಸವಿ ಆಗಸ್ಟ್ 22ರಂದು ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರದಲ್ಲಿ ನಡೆದ ಒಲಿಂಪಿಕ್ ಮ್ಯಾರಥಾನ್ ಓಟದ ಫಲಿತಾಂಶದ ಯಾದಿಯಲ್ಲಿ, ಫಿನ್ಲೆಂಡ್, ಎಸ್ಟೋನಿಯಾ, ಇಟಲಿ, ಜಪಾನ್ ಮೊದಲಾದ ದೇಶಗಳ ಹೆಸರುಗಳ ಕೆಳಗೆ, ಹತ್ತೊಂಬತ್ತನೆಯ ಸಾಲಿನಲ್ಲಿ ಒಂದು ಹೆಸರಿದೆ: ಫಡೆಪ್ಪ ದರೆಪ್ಪ ಚೌಗುಲೆ. ಅವರು ಬೆಳಗಾವಿಯವರು.

ಈ ಹೆಸರನ್ನು ಓದಿದೊಡನೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಡೆಯವರ ಕಿವಿ ನಿಮಿರುತ್ತದೆ. ಇಂಥ ಹೆಸರುಗಳು ಈ ಸೀಮೆಯ ಶಾಲೆಗಳ ಹಾಜರಿ ಪುಸ್ತಕಗಳಲ್ಲಿ ನಿತ್ಯವೂ ಕೇಳಿಬರುವಂಥವು. ಅಪ್ಪ ಎಂದು ಮುಗಿಯುವ ಮೊದಲೆರಡು ಪದಗಳು ಕನ್ನಡದ ಮನೆಯವು. ಚೌಗುಲೆ ಎಂಬುದು ಹಳೆಯ ಗ್ರಾಮಾಡಳಿತದಲ್ಲಿ ಪಾಟೀಲನ ಕೈಕೆಳಗಿನ ಒಂದು ಹುದ್ದೆಯ ಹೆಸರು. ಕೃಷ್ಣೆಯ ಎರಡೂ ದಡಗಳಲ್ಲಿ, ಎರಡೂ ಭಾಷೆಗಳಲ್ಲಿ ಅಡ್ಡಹೆಸರಾಗಿ ಉಳಿದುಕೊಂಡಿದೆ. ಗಡಿನಾಡಿನಲ್ಲಿ ಯಾವ ಹೆಸರು ಬೆಳಕಿಗೆ ಬಂದರೂ ಆತ ಯಾರವನೆಂಬ ಪ್ರಶ್ನೆ ಮೊದಲು ಏಳುತ್ತದೆ. ಈ ಹೆಸರು ತನ್ನೊಳಗೇ ಎರಡು ನುಡಿಗಳನ್ನು ಜಗಳವಿಲ್ಲದೆ ಇರಿಸಿಕೊಂಡಿದೆ ಎಂಬುದನ್ನು ಗಮನಿಸಿದರೆ ಸಾಕು. ನನ್ನ ಪ್ರಶ್ನೆ ಬೇರೆ. ಮೊದಲಿಗನಾಗದ ಓಟಗಾರನೊಬ್ಬ ತನ್ನನ್ನು ತಾನು ಯಾವ ಅಳತೆಯಿಂದ ಅಳೆದುಕೊಳ್ಳಬೇಕು? ಕೀರ್ತಿ ಬಂದರೆ ಅದನ್ನು ಹೇಗೆ ಹೊರಬೇಕು, ಬಾರದಿದ್ದರೆ ಹೇಗೆ ಬದುಕಬೇಕು?

ಓಟವೆಂಬುದು ನಮ್ಮಲ್ಲಿ ಬಹುಕಾಲ ಕ್ರೀಡೆಯಾಗಿರಲಿಲ್ಲ, ಕೆಲಸವಾಗಿತ್ತು ಎಂಬುದನ್ನು ಮೊದಲು ನೆನೆಯಬೇಕು. ಓಲೆಯನ್ನು ಊರಿಂದೂರಿಗೆ ಒಯ್ಯುವವನು ಓಲೆಕಾರ. ಆ ಮಾತೇ ನಮ್ಮ ಕಡೆಗೆ ವಾಲೀಕಾರ ಎಂದಾಗಿ ಇಂದಿಗೂ ಅಡ್ಡಹೆಸರಾಗಿ ಬಳಕೆಯಲ್ಲಿದೆ. ಮೈಸೂರು ಸೀಮೆಯಲ್ಲಿ ಚಿಕ್ಕದೇವರಾಜ ಒಡೆಯರು 1672ರಲ್ಲಿ ಆರಂಭಿಸಿದ ಅಂಚೆಯ ವ್ಯವಸ್ಥೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಟಪಾಲು ಇಲಾಖೆಯಲ್ಲಿ ಸೇರಿಹೋಗುವವರೆಗೆ ನಡೆದದ್ದು ಬಹುಮಟ್ಟಿಗೆ ಕಾಲುಗಳ ಬಲದಿಂದಲೇ. ಹೆಗಲ ಮೇಲೆ ಟಪಾಲಿನ ಚೀಲ, ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು. ಕಾಡುಮೃಗಗಳು ಸರಿದುಹೋಗಲೆಂದು ಆ ಗೆಜ್ಜೆಯ ಸದ್ದು. ಆ ಓಟಗಾರನಿಗೆ ಚಪ್ಪಾಳೆ ತಟ್ಟಿದವರಿಲ್ಲ. ಮುಂದಿನ ಠಾಣ್ಯದಲ್ಲಿ ಕಾದು ನಿಂತ ಇನ್ನೊಬ್ಬನ ಕೈಗೆ ಚೀಲವನ್ನು ದಾಟಿಸಿದರೆ ಆತನ ಓಟ ಸಾರ್ಥಕವಾಯಿತು. ಯಾರನ್ನೂ ಹಿಂದಿಕ್ಕದೆಯೂ ಓಟ ಪೂರ್ಣವಾಗಬಲ್ಲದು ಎಂಬ ತಿಳಿವಳಿಕೆ ಆ ಕಾಯಕದಲ್ಲಿತ್ತು.

ಓಟ ಕ್ರೀಡೆಯಾಗಿ ಮಾರ್ಪಟ್ಟದ್ದು ನಗರಗಳಲ್ಲಿ ಜಿಮಖಾನೆಗಳು ಸ್ಥಾಪಿತವಾದ ಮೇಲೆ. ಪುಣೆಯ ಡೆಕ್ಕನ್ ಜಿಮಖಾನೆ 1906ರಲ್ಲಿ ಹುಟ್ಟಿತು. ಸರ್ ದೊರಾಬ್ಜಿ ಟಾಟಾ ಅದರ ಅಧ್ಯಕ್ಷರಾಗಿದ್ದ ಕಾಲಕ್ಕೆ, 1919ರ ಸುಮಾರಿಗೆ, ಅಲ್ಲಿ ನಡೆದ ಪಂದ್ಯಗಳು ಅವರ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತವು. ಹತ್ತು ವರ್ಷಗಳ ತರುವಾಯ, 1929ರಲ್ಲಿ, ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಿಗೆ ಬರೆದ ಪತ್ರದಲ್ಲಿ ಅವರು ಅದನ್ನು ಸ್ಮರಿಸಿಕೊಂಡಿದ್ದಾರೆ. ಸ್ಪರ್ಧಿಗಳು ಹೊಲದಲ್ಲಿ ದುಡಿಯುವ ರೈತಾಪಿ ಹುಡುಗರು, ಉಣ್ಣುವುದು ಬಡವರ ಊಟ, ಐರೋಪ್ಯ ಪದ್ಧತಿಯ ತರಬೇತಿಯ ಗಂಧವೂ ಅವರಿಗಿಲ್ಲ, ಓಡುವುದು ಬರಿಗಾಲಿನಲ್ಲಿ. ಹೀಗಿದ್ದೂ ಅವರ ವೇಗ ಪಾಶ್ಚಾತ್ಯರ ವೇಗದ ಸಮೀಪಕ್ಕೆ ಬರುತ್ತಿದ್ದುದನ್ನು ಕಂಡು ಟಾಟಾ ಅವರಿಗೆ, ಇವರಿಗೆ ಒಳ್ಳೆಯ ಆಹಾರವನ್ನೂ ಶಿಕ್ಷಣವನ್ನೂ ಒದಗಿಸಿದರೆ ಏನಾದೀತು ಎಂಬ ಆಲೋಚನೆ ಮೂಡಿತು. ಮುಂಬಯಿಯ ಗವರ್ನರರ ನೆರವನ್ನೂ ಪಡೆದು ಅವರು ಆಂಟ್‌ವರ್ಪಿಗೆ ಓಟಗಾರರನ್ನು ಕಳಿಸುವ ಸಾಹಸಕ್ಕೆ ಕೈಹಾಕಿದರು. ಭಾರತೀಯ ಒಲಿಂಪಿಕ್ ಸಂಸ್ಥೆ ಹುಟ್ಟಿದ್ದು 1927ರಲ್ಲಿ ಎಂಬುದನ್ನು ನೆನಪಿಟ್ಟರೆ ಈ ಸಾಹಸದ ಸ್ವರೂಪ ತಿಳಿಯುತ್ತದೆ. ಬೆನ್ನಿಗೆ ಸಂಸ್ಥೆಯಿಲ್ಲ, ಮುಂದೆ ನಡೆದವರ ಹೆಜ್ಜೆಯ ಗುರುತಿಲ್ಲ.

ಬೆಳಗಾವಿಯಿಂದ ಪುಣೆಗೆ ಆಗ ಎರಡು ದಾರಿಗಳು. ಒಂದು ಸಂಕೇಶ್ವರ, ನಿಪ್ಪಾಣಿಗಳ ಮೇಲೆ ಹಾಯುವ ಹೆದ್ದಾರಿ. ಇನ್ನೊಂದು ಘಟಪ್ರಭಾ, ರಾಯಬಾಗಗಳನ್ನು ದಾಟಿ, ಕುಡಚಿಯ ಬಳಿ ಕೃಷ್ಣೆಯನ್ನು ಹಾಯ್ದು, ಇಂದು ಕಾಗವಾಡ ತಾಲೂಕಿಗೆ ಸೇರಿರುವ ಉಗಾರ, ಶೇಡಬಾಳಗಳ ಮೂಲಕ ಮಿರಜಕ್ಕೆ ಮುಟ್ಟುವ ಮೀಟರ್ ಗೇಜ್ ರೈಲುದಾರಿ. ಯಾವ ದಾರಿಯಿಂದ ಹೊರಟರೂ ನಾನು ಆರಂಭದಲ್ಲಿ ಹೇಳಿದ ಊರುಗಳ ನಡುವಿನಿಂದಲೇ ಹಾಯಬೇಕು. ಈ ನೆಲಕ್ಕೆ ಪುಣೆ ದೂರವಲ್ಲ. ಆದರೆ ಪುಣೆಯಿಂದ ಮುಂಬಯಿ, ಮುಂಬಯಿಯಿಂದ ಹಡಗಿನಲ್ಲಿ ಇಂಗ್ಲೆಂಡು, ಅಲ್ಲಿ ತರಬೇತಿ, ಅಲ್ಲಿಂದ ಆಂಟ್‌ವರ್ಪ್ ಎಂದರೆ ಆ ಕಾಲಕ್ಕೆ ಅದು ಲೋಕಾಂತರವೇ ಸರಿ. ಚೌಗುಲೆಯವರೊಡನೆ ಹೋದ ತಂಡದಲ್ಲಿ ಭಾರತದ ಧ್ವಜ ಹಿಡಿದು ಮುಂದೆ ನಡೆದ ಓಟಗಾರ ಪೂರ್ಮಾ ಬ್ಯಾನರ್ಜಿ, ಮ್ಯಾರಥಾನಿನ ಇನ್ನೊಬ್ಬ ಸ್ಪರ್ಧಿ ಸದಾಶಿವ ದಾತಾರ, ಕುಸ್ತಿಯ ಕುಮಾರ ನವಲೆ ಹಾಗೂ ರಣಧೀರ ಶಿಂಧೆ ಇದ್ದರು.

ಮೊದಲ ಮಹಾಯುದ್ಧದ ಗಾಯಗಳು ಇನ್ನೂ ಮಾಯದಿದ್ದ ನಾಡು ಬೆಲ್ಜಿಯಂ. ಐದು ಬಳೆಗಳ ಒಲಿಂಪಿಕ್ ಧ್ವಜ ಕ್ರೀಡಾಕೂಟದಲ್ಲಿ ಮೊದಲು ಹಾರಿದ್ದು ಅಲ್ಲಿಯೇ. ಸ್ಪರ್ಧಿಗಳ ಪರವಾಗಿ ಒಬ್ಬನು ಪ್ರಮಾಣವಚನ ಸ್ವೀಕರಿಸುವ ಪದ್ಧತಿ ಆರಂಭವಾದದ್ದೂ ಅಲ್ಲಿಯೇ. ಮ್ಯಾರಥಾನಿನ ದೂರ ಈಗ ಎಲ್ಲೆಡೆಯೂ 42.195 ಕಿಲೋಮೀಟರು. ಆಂಟ್‌ವರ್ಪಿನಲ್ಲಿ ಮಾತ್ರ ಅದು 42.75 ಕಿಲೋಮೀಟರು ಆಗಿತ್ತು. ಒಲಿಂಪಿಕ್ ಮ್ಯಾರಥಾನುಗಳಲ್ಲಿ ಅಷ್ಟು ಉದ್ದದ್ದು ಇನ್ನೊಂದಿಲ್ಲ. ಮಳೆಯ ದಿನ. ಓಟಕ್ಕೆ ನಿಂತವರು 48 ಮಂದಿ. ಫಿನ್ಲೆಂಡಿನ ಹಾನೆಸ್ ಕೊಲೆಮಾಯ್ನೆನ್ ಎಂಬ ಹೆಸರಾಂತ ಓಟಗಾರ 2 ಗಂಟೆ 32 ನಿಮಿಷ 35.8 ಸೆಕೆಂಡುಗಳಲ್ಲಿ ಮೊದಲಿಗನಾದ. ಎಸ್ಟೋನಿಯಾದ ಲೊಸ್ಮನ್ ಅವನಿಗಿಂತ ಹಿಂದುಳಿದದ್ದು ಹದಿಮೂರು ಸೆಕೆಂಡುಗಳೊಳಗೆ. ಮೂರನೆಯವನಾದ ಇಟಲಿಯ ಆರ್ರಿ ಗುರಿ ಮುಟ್ಟಿದ ಸಂತೋಷಕ್ಕೆ ಅಲ್ಲಿಯೇ ಲಾಗ ಹಾಕಿದನಂತೆ. ದಾತಾರರು ದಾರಿಯ ನಡುವೆಯೇ ನಿಲ್ಲಬೇಕಾಯಿತು. ಚೌಗುಲೆಯವರು 2 ಗಂಟೆ 50 ನಿಮಿಷ 45 ಸೆಕೆಂಡುಗಳ ಸುಮಾರಿಗೆ ಗುರಿ ಮುಟ್ಟಿದರು.

ಈ ಅಂಕಿಗಳನ್ನು ಎರಡು ರೀತಿಯಿಂದ ಓದಬಹುದು. ಮೊದಲಿಗನಿಗಿಂತ ಹದಿನೆಂಟು ನಿಮಿಷ ತಡ; ಆದುದರಿಂದ ಸೋಲು. ಇದು ಮೇಲಿನಿಂದ ಕೆಳಕ್ಕೆ ಓದುವ ಕ್ರಮ. ಇನ್ನೊಂದು ಕ್ರಮದಲ್ಲಿ ಬೇರೆಯವರ ಹೆಸರು ಬೇಡ. ದೂರವನ್ನು ಕಾಲದಿಂದ ಭಾಗಿಸಿ ನೋಡಿದರೆ ಚೌಗುಲೆಯವರು ಒಂದೊಂದು ಕಿಲೋಮೀಟರನ್ನು ನಾಲ್ಕು ನಿಮಿಷಗಳಿಗೆ ಒಂದಿಷ್ಟೂ ಹೆಚ್ಚಿಲ್ಲದಂತೆ ಓಡಿದ ಲೆಕ್ಕ ಬರುತ್ತದೆ. ಹಾಗೆ ನಲವತ್ತೆರಡಕ್ಕೂ ಮಿಕ್ಕ ಕಿಲೋಮೀಟರುಗಳು. ಪರದೇಶದ ಕಲ್ಲುಹಾಸಿನ ಬೀದಿಗಳಲ್ಲಿ, ಮಳೆಯಲ್ಲಿ, ತನ್ನ ಭಾಷೆಯ ಒಂದು ಕೂಗೂ ಕೇಳಿಸದ ಜನಸಂದಣಿಯ ನಡುವೆ. ಶ್ರೋತೃಗಳಲ್ಲಿ ಓಡುವ ಅಭ್ಯಾಸವುಳ್ಳ ತರುಣರಿದ್ದರೆ ಒಂದೇ ಒಂದು ಕಿಲೋಮೀಟರನ್ನು ನಾಲ್ಕು ನಿಮಿಷಗಳಲ್ಲಿ ಓಡಿ ನೋಡಲಿ. ಈ ಎರಡನೆಯ ಓದಿನಲ್ಲಿ ಸೋಲು ಎಂಬ ಪದಕ್ಕೆ ಎಡೆಯೇ ಸಿಕ್ಕುವುದಿಲ್ಲ. 1952ರ ಹೆಲ್ಸಿಂಕಿಯಲ್ಲಿ ಸೂರತ್ ಸಿಂಗ್ ಮಾಥುರ್ ಅವರ ಸ್ಥಾನ 52. 1976ರ ಮಾಂಟ್ರಿಯಲ್ಲಿನಲ್ಲಿ ಶಿವನಾಥ ಸಿಂಗರು 11ನೆಯವರಾದರು. ನಮ್ಮ ದೇಶದ ಮ್ಯಾರಥಾನ್ ಚರಿತ್ರೆಯಲ್ಲಿ ಮೊತ್ತಮೊದಲ ಪ್ರಯತ್ನದ ಆ ಹತ್ತೊಂಬತ್ತು ಎಂಥ ಅಂಕಿ ಎಂಬುದು ಇದರಿಂದ ವಿಶದವಾಗುತ್ತದೆ.

ಅದೇ ಯಾದಿಯಲ್ಲಿ ಚೌಗುಲೆಯವರಿಗಿಂತ ಮೂರು ಸ್ಥಾನ ಮೇಲೆ, ಸರಿಯಾಗಿ ಎರಡು ನಿಮಿಷದಷ್ಟು ಮುಂದೆ, ಜಪಾನಿನ ಶಿಜೋ ಕನಾಕುರಿ ಎಂಬ ಹೆಸರಿದೆ. ಇವನ ಕಥೆಯನ್ನು ಪಕ್ಕದಲ್ಲಿಟ್ಟು ನೋಡಬೇಕು. 1912ರಲ್ಲಿ ಸೈಬೀರಿಯಾದ ರೈಲಿನಲ್ಲಿ ದಿನಗಟ್ಟಲೆ ಪಯಣಿಸಿ ಸ್ಟಾಕ್‌ಹೋಮಿಗೆ ಹೋಗಿ, ಬೇಸಗೆಯ ಕಡುಬಿಸಿಲಿನಲ್ಲಿ ಓಡಿದ ಕನಾಕುರಿ ನಡುದಾರಿಯಲ್ಲಿ ಬಸವಳಿದ. ದಾರಿಯ ಪಕ್ಕದ ಮನೆಯವರು ಉಪಚರಿಸಿದರು. ನಾಚಿಕೆಯಿಂದ ಅಧಿಕಾರಿಗಳಿಗೆ ಸುದ್ದಿಯನ್ನೂ ಕೊಡದೆ ತಾಯ್ನಾಡಿಗೆ ಮರಳಿದ. ಸ್ವೀಡನ್ನಿನ ದಾಖಲೆಗಳಲ್ಲಿ ಅವನು ಬಹುಕಾಲ ಕಾಣೆಯಾದ ಓಟಗಾರನಾಗಿಯೇ ಉಳಿದ. ಆದರೆ ಮನೆಗೆ ಮರಳಿದವನು ತಲೆಮರೆಸಿಕೊಳ್ಳಲಿಲ್ಲ. ಮತ್ತೆ ಓಡಿದ, ಎಳೆಯರನ್ನು ಓಡಿಸಿದ. 1920ರಲ್ಲಿಯೇ ಆರಂಭವಾದ ಹಕೋನೆ ಎಕಿದೆನ್ ಎಂಬ ದೂರದ ಸರದಿ ಓಟದ ಹಿಂದೆ ಅವನ ಪ್ರೇರಣೆಯಿತ್ತು. ಒಬ್ಬನು ತನ್ನ ಪಾಲಿನ ದಾರಿಯನ್ನು ಓಡಿ ಮುಂದಿನವನಿಗೆ ಪಟ್ಟಿಯನ್ನು ಒಪ್ಪಿಸುವ ಓಟ ಅದು. ನಮ್ಮ ಅಂಚೆಯವನ ಓಟದ ಹಾಗೆಯೇ. ಜಪಾನಿನಲ್ಲಿ ಹೊಸವರ್ಷದ ಆರಂಭದ ದಿನಗಳಲ್ಲಿ ನಡೆಯುವ ಅದು ಈಗ ಒಂದು ನಾಡಹಬ್ಬದಂತಾಗಿದೆ. 1967ರಲ್ಲಿ ಸ್ವೀಡನ್ನಿನವರು ಎಪ್ಪತ್ತೈದನೆಯ ವಯಸ್ಸಿನ ಕನಾಕುರಿಯನ್ನು ಕರೆಸಿ, ನಿಂತುಹೋದ ಆ ಓಟವನ್ನು ಮುಗಿಸಿಸಿದರು. ಐವತ್ತನಾಲ್ಕು ವರ್ಷ, ಎಂಟು ತಿಂಗಳು, ಆರು ದಿನ ಮತ್ತು ಕೆಲವು ಗಂಟೆಗಳೆಂದು ಅವನ ಕಾಲವನ್ನು ಘೋಷಿಸಿದರು. ಅವನೂ ನಕ್ಕ, ನೆರೆದವರೂ ನಕ್ಕರು. ತನ್ನ ಸೋಲನ್ನು ನೋಡಿ ತಾನೇ ನಗಬಲ್ಲವನಿಗೆ ಕೀರ್ತಿಯೂ ಹಗುರವಾಗಿಯೇ ಬರುತ್ತದೆ.

ಕನಾಕುರಿಗೂ ಚೌಗುಲೆಯವರಿಗೂ ಅಂತರ ಎರಡು ನಿಮಿಷದ್ದು. ಆದರೆ ಕನಾಕುರಿಯನ್ನು ಅವನ ನಾಡು ಮ್ಯಾರಥಾನಿನ ಪಿತಾಮಹನೆಂದು ಕರೆಯಿತು. ಚೌಗುಲೆಯವರ ಹೆಸರನ್ನು ಅವರ ನಾಡಿನ ಶಾಲೆಯ ಮಕ್ಕಳು ಕೇಳಿಲ್ಲ. ಎರಡು ನಿಮಿಷಗಳಿಂದ ಇಷ್ಟು ದೊಡ್ಡ ಅಂತರ ಹುಟ್ಟಲಾರದು. ಅದು ಹುಟ್ಟುವುದು ಓಡಿ ಬಂದವನಿಗೆ ಮುಂದಿನ ಕೆಲಸವನ್ನು ಒಪ್ಪಿಸುವ ಸಮಾಜವಿದೆಯೋ ಇಲ್ಲವೋ ಎಂಬುದರಿಂದ.

ಕೀರ್ತಿಯಿಲ್ಲದಿರುವುದು ಒಂದು ಬಗೆಯ ಕಷ್ಟವಾದರೆ ಕೀರ್ತಿ ಇನ್ನೊಂದು ಬಗೆಯ ಕಷ್ಟ. ಅದಕ್ಕೂ ಜಪಾನಿನಿಂದಲೇ ಒಂದು ನಿದರ್ಶನವಿದೆ. 1964ರ ಟೋಕಿಯೋ ಮ್ಯಾರಥಾನಿನಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲಾನ ಹಿಂದೆ ಎರಡನೆಯವನಾಗಿ ಕ್ರೀಡಾಂಗಣವನ್ನು ಹೊಕ್ಕ ಕೊಕಿಚಿ ತ್ಸುಬುರಾಯಾ ಎಂಬ ಸೈನಿಕ, ಕೊನೆಯ ಸುತ್ತಿನಲ್ಲಿ, ತನ್ನ ದೇಶದ ಸಾವಿರಾರು ಜನರ ಕಣ್ಣೆದುರಿಗೆ, ಇಂಗ್ಲೆಂಡಿನ ಹೀಟ್ಲಿಗೆ ಎರಡನೆಯ ಸ್ಥಾನವನ್ನು ಬಿಟ್ಟುಕೊಡಬೇಕಾಯಿತು. ದೊರೆತದ್ದು ಕಂಚಿನ ಪದಕ. ಲೋಕದಲ್ಲಿ ಮೂರನೆಯವನಾಗುವುದು ಸಾಮಾನ್ಯವೆ? ಆದರೆ ಅವನು ಅದನ್ನು ದೇಶಕ್ಕೆ ಬಗೆದ ಅಪರಾಧವೆಂದು ತಿಳಿದ. ಮುಂದಿನ ಒಲಿಂಪಿಕ್ಸಿನಲ್ಲಿ ಅದನ್ನು ತೊಳೆದುಕೊಳ್ಳುವ ಹೊಣೆಯನ್ನು ಹೊತ್ತ. ಮೈ ಕೈಕೊಟ್ಟಿತು, ಗಾಯಗಳು ಕಾಡಿದವು. 1968ರ ಜನವರಿಯಲ್ಲಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಅವನು ತನ್ನ ಜೀವವನ್ನು ತಾನೇ ಕೊನೆಗಾಣಿಸಿಕೊಂಡ. ಮನೆಮಂದಿಗೆ ಬರೆದಿಟ್ಟ ಪತ್ರದಲ್ಲಿ, ಅವರು ಉಣಬಡಿಸಿದ ಒಂದೊಂದು ತಿನಿಸನ್ನೂ ನೆನೆದು ಕೃತಜ್ಞತೆ ಹೇಳಿ, ಇನ್ನು ಓಡಲಾರೆನೆಂದು ಕ್ಷಮೆ ಕೇಳಿದ್ದ. ಕಾಲು ಸೋತದ್ದಕ್ಕೆ ಕ್ಷಮೆ ಕೇಳುವ ಅಗತ್ಯವಿತ್ತೆ? ಹತ್ತೊಂಬತ್ತನೆಯವನನ್ನು ಮರೆಯುವ ಜನವೂ ಮೂರನೆಯವನಿಂದ ಕ್ಷಮೆಯನ್ನು ನಿರೀಕ್ಷಿಸುವ ಜನವೂ ಒಂದೇ ಮನಸ್ಸಿನವರೆಂದು ನನಗೆ ಅನ್ನಿಸುತ್ತದೆ. ಇಬ್ಬರೂ ಓಟವನ್ನು ನೋಡುವುದಿಲ್ಲ. ಫಲಿತಾಂಶವನ್ನು ಮಾತ್ರ ನೋಡುತ್ತಾರೆ.

ಹೆಸರಿಗೂ ಕೆಲಸಕ್ಕೂ ಇರುವ ಸಂಬಂಧವನ್ನು ಕುರಿತು ನಮ್ಮ ಈ ಸೀಮೆಗೆ ತನ್ನದೇ ಆದ ಅನುಭವವಿದೆ. ಜಗತ್ತು ಕೊಲ್ಹಾಪುರಿ ಎಂದು ಕರೆಯುವ ಚಪ್ಪಲಿಯನ್ನು ಅಥಣಿ, ನಿಪ್ಪಾಣಿ, ಮದಭಾವಿಗಳ ಚರ್ಮಕಾರರು ತಲೆಮಾರುಗಳಿಂದ ಮಾಡುತ್ತ ಬಂದಿದ್ದಾರೆ. ಹದ ಮಾಡಿದವನ, ಹೊಲಿದವಳ ಊರು ಒಂದು. ಕೀರ್ತಿ ಇನ್ನೊಂದು ಊರಿನದು. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಗುರುತು ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿಯೂ ಸೇರಿದಂತೆ ಕರ್ನಾಟಕದ ನಾಲ್ಕು ಜಿಲ್ಲೆಗಳು ಅದರಲ್ಲಿ ಸೇರಿದವು. ನ್ಯಾಯ ತಡವಾಗಿ ಬಂದಿತು. ಅಷ್ಟು ವರ್ಷ ಅಥಣಿಯ ಕುಶಲಕರ್ಮಿಯ ಕೈ ನಿಂತಿರಲಿಲ್ಲ ಎಂಬುದೂ ಅಷ್ಟೇ ದೊಡ್ಡ ಸಂಗತಿ. ಇಷ್ಟು ಹೇಳಿ, ಕೀರ್ತಿ ಬೇಡವೆಂದು ದುಡಿಯುವವನಿಗೆ ಉಪದೇಶಿಸುವುದು ಸುಲಭ. ಅದು ಉಂಡವರ ವೇದಾಂತ. ಸಲ್ಲಬೇಕಾದ ಹೆಸರು ಸಲ್ಲಲೇಬೇಕು. ಅದು ಸಲ್ಲುವವರೆಗೆ ಬದುಕುವ ಧೈರ್ಯ ಎಲ್ಲಿಂದ ಬರುತ್ತದೆ ಎಂಬುದಷ್ಟೇ ನನ್ನ ವಿಚಾರ.

ಆ ಧೈರ್ಯದ ಒಂದು ಮೂಲ ಈ ನೆಲದ ನಡಿಗೆಯಲ್ಲಿಯೇ ಇದೆ. ಚೌಗುಲೆಯವರು ಆಂಟ್‌ವರ್ಪಿನಲ್ಲಿ ಓಡಿದ 1920ರಲ್ಲಿಯೇ ನಿಪ್ಪಾಣಿಯ ಕಡೆಯ ಭೋಜದ ಮನೆತನದ ಶಾಂತಿಸಾಗರರು ದಿಗಂಬರ ಮುನಿದೀಕ್ಷೆಯನ್ನು ಕೈಕೊಂಡರು; ಬರಿಗಾಲಿನಲ್ಲಿ ಉತ್ತರ ಭಾರತದವರೆಗೂ ವಿಹರಿಸಿದರು. ಅಥಣಿಯ ಗಚ್ಚಿನ ಮಠದಲ್ಲಿ ಪದವಿ, ಆಡಂಬರಗಳಿಂದ ದೂರವಾಗಿ ಬಾಳಿದ ಮುರುಘೇಂದ್ರ ಶಿವಯೋಗಿಗಳು 1921ರಲ್ಲಿ ಲಿಂಗೈಕ್ಯರಾದರು. ರಾಯಬಾಗ ತಾಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೆ ಇಂದಿಗೂ ಜನ ದೂರದೂರದಿಂದ ನಡೆದು ಬರುತ್ತಾರೆ. ಆ ದಾರಿಗಳಲ್ಲಿ ಯಾರು ಮೊದಲು ಮುಟ್ಟಿದರೆಂದು ಯಾರೂ ಬರೆದಿಡುವುದಿಲ್ಲ. ಮುಟ್ಟಿದವರೆಲ್ಲರಿಗೂ ಪ್ರಸಾದ ಸಮನಾಗಿಯೇ ದೊರೆಯುತ್ತದೆ. ಸ್ಪರ್ಧೆಯ ಓಟ ಬೇರೆ, ಯಾತ್ರೆಯ ನಡಿಗೆ ಬೇರೆ ಎಂದು ತಾವು ಹೇಳಬಹುದು. ಒಪ್ಪುತ್ತೇನೆ. ಆದರೆ ಮ್ಯಾರಥಾನಿನ ಮೂವತ್ತನೆಯ ಕಿಲೋಮೀಟರಿನ ಆಚೆಗೆ, ಮುಂದಿನವನು ಕಣ್ಣಿಗೆ ಕಾಣದಷ್ಟು ದೂರ ಹೋಗಿ, ಹಿಂದಿನವನ ಹೆಜ್ಜೆ ಕೇಳಿಸದಿರುವಾಗ, ಸ್ಪರ್ಧಿಯೂ ಯಾತ್ರಿಕನೇ ಆಗುತ್ತಾನೆ. ಅಲ್ಲಿ ಅವನನ್ನು ಮುಂದೆ ತಳ್ಳುವುದು ಪದಕದ ಆಸೆಯಲ್ಲ. ಹಿಡಿದ ದಾರಿಯನ್ನು ಮುಗಿಸಬೇಕೆಂಬ ಛಲ. ಹತ್ತೊಂಬತ್ತನೆಯ ಸ್ಥಾನದಲ್ಲಿ ಓಡುತ್ತಿರುವವನಿಗೆ ಬೇರೆ ಯಾವ ಆಸೆ ಆಸರೆಯಾದೀತು?

ಇದೆಲ್ಲ ಹಳೆಯ ಕಥೆಯೆಂದು ತಳ್ಳಿಹಾಕುವಂತಿಲ್ಲ. ಚಿಕ್ಕೋಡಿ, ರಾಯಬಾಗ, ಅಥಣಿಗಳ ರಸ್ತೆಗಳಲ್ಲಿ ಬೆಳಗಿನ ಜಾವ ಹೊರಟರೆ, ಕಬ್ಬಿನ ಗದ್ದೆಗಳ ನಡುವೆ, ಕಾಲುವೆಯ ದಂಡೆಯ ಮೇಲೆ, ಹುಡುಗರ ಗುಂಪುಗಳು ಓಡುವುದನ್ನು ಕಾಣಬಹುದು. ಸೈನ್ಯದ ಭರ್ತಿಗೆ, ಪೋಲೀಸ್ ಭರ್ತಿಗೆ ಅವರ ಸಿದ್ಧತೆ. ಬೆಳಗಾವಿಯ ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರ ಈ ಭಾಗದ ಎಷ್ಟೋ ಮನೆಗಳಿಗೆ ಅನ್ನದ ದಾರಿಯಾಗಿದೆ. ಅಲ್ಲಿ 1600 ಮೀಟರಿನ ಓಟದಲ್ಲಿ ಕೆಲವೇ ಸೆಕೆಂಡುಗಳು ಹೆಚ್ಚಾದರೆ ಹೆಸರು ಯಾದಿಯಲ್ಲಿ ಇರುವುದಿಲ್ಲ. ಈ ಊರುಗಳ ವಿದ್ಯಾರ್ಥಿಗಳು ನನ್ನ ತರಗತಿಗಳಲ್ಲಿ ಎಷ್ಟೋ ವರ್ಷ ಕುಳಿತಿದ್ದಾರೆ. ಭರ್ತಿಗೆ ಹೋಗಿ ಬಂದ ಹುಡುಗನ ಮುಖವನ್ನು ನೋಡಿದೊಡನೆ ಫಲಿತಾಂಶ ತಿಳಿಯುತ್ತಿತ್ತು. ಆಯ್ಕೆಯಾಗದವನು ಹಿಂದಿನ ಬೆಂಚಿಗೆ ಸರಿದು ಕೂಡುತ್ತಿದ್ದ. ಕೆಲವರು ಕಾಲೇಜಿಗೇ ಬಾರದಾಗುತ್ತಿದ್ದರು. ಒಂದು ವರ್ಷದ ಬೆಳಗಿನ ಜಾವಗಳೆಲ್ಲ ವ್ಯರ್ಥವಾದವೆಂದು ಅವರಿಗೆ ಅನ್ನಿಸುತ್ತಿತ್ತು. ಹಾಗಲ್ಲವೆಂದು ಹೇಳುವವರು ಮನೆಯಲ್ಲಿಯೂ ಇರುತ್ತಿರಲಿಲ್ಲ, ಊರಿನಲ್ಲಿಯೂ ಇರುತ್ತಿರಲಿಲ್ಲ.

ಅವರಿಗೆ ಹೇಳಬೇಕಾದ ಮಾತು ಚೌಗುಲೆಯವರ ಓಟದಲ್ಲಿದೆ. ತನ್ನ ಕಾಲಿನ ಅಳತೆಯನ್ನು ತಾನು ಅರಿಯುವುದು ಸೋಲನ್ನು ಒಪ್ಪಿಕೊಂಡಂತಲ್ಲ. ನಾಲ್ಕು ನಿಮಿಷಕ್ಕೊಂದು ಕಿಲೋಮೀಟರಿನ ಲೆಕ್ಕ ಆ ಓಟಗಾರನ ಸ್ವಂತದ್ದು. ಹದಿನೆಂಟು ಮಂದಿ ಮುಂದಿದ್ದರೆಂಬುದು ಲೋಕದ ಲೆಕ್ಕ. ಎರಡೂ ನಿಜವೇ. ಎರಡನೆಯದರ ಭಾರಕ್ಕೆ ಮೊದಲನೆಯದು ಅಳಿಸಿಹೋಗಬಾರದು. ಹಾಗೆ ಅಳಿಸಿಹೋಗದಂತೆ ನೋಡಿಕೊಳ್ಳುವುದು ಓಟಗಾರನೊಬ್ಬನ ಕೆಲಸವೂ ಅಲ್ಲ. ನೋಡುವ ನಮ್ಮೆಲ್ಲರ ಕೆಲಸ. ಬೆಳಗಾವಿ ಜಿಲ್ಲೆಯ ಶಾಲೆಗಳಲ್ಲಿ ವರ್ಷಕ್ಕೊಮ್ಮೆಯಾದರೂ, ಆಟೋಟಗಳ ದಿನ, ಆಂಟ್‌ವರ್ಪಿನ ಆ ಯಾದಿಯನ್ನು ಹತ್ತೊಂಬತ್ತನೆಯ ಹೆಸರಿನವರೆಗೆ ಓದಿ ಹೇಳಿದರೆ ಹೆಚ್ಚಿನ ಖರ್ಚೇನೂ ಆಗದು. ಮತ್ತು ಭರ್ತಿಯ ಮೈದಾನದಿಂದ ಸಂಜೆಯ ಬಸ್ಸಿಗೆ ಮರಳಿ ಬಂದ ಮಗನನ್ನು, “ಎಷ್ಟನೇದಾಂವ ಬಂದಿ?” ಎಂದು ಕೇಳುವ ಮೊದಲು, “ಪೂರಾ ಓಡಿದಿ ಹೌದಲ್ಲೊ? ಬಾ, ಮೊದಲ ಉಣ್ಣು” ಎಂದು ತಾಯಿತಂದೆಗಳು ಕರೆದರೆ ಅವನು ನಾಳೆಯೂ ಬೆಳಗಿನ ಜಾವಕ್ಕೆ ಎದ್ದಾನು.